ಬೆನ್ನು ಹತ್ತಿದ ದನಿ

ಸಿಂಧನೂರಿನ ಬಜಾರದಲ್ಲಿ ಮೌನೇಶ್ವರಿಯ ಮುಖ ಕಂಡವರು ಕಡಿಮೆ, ಅವಳ ದನಿ ಕೇಳದವರು ಮಾತ್ರ ಯಾರೂ ಇಲ್ಲ. ಸೀರೆ ಅಂಗಡಿಯ ರಿಯಾಯಿತಿ ಇರಲಿ, ಹೊಸ ಖಾನಾವಳಿ ತೆರೆದಿರಲಿ, ಯಾರದೋ ಎಮ್ಮೆ ಕಳೆದಿರಲಿ, ಆಟೋದ ನೆತ್ತಿಗೆ ಕಟ್ಟಿದ ಹಾರ್ನಿನಿಂದ ಹೊರಡುವುದು ಅವಳ ದನಿಯೇ. ಗಂಡ ದುರುಗೇಶ ಪ್ರಚಾರದ ಆಟೋ ಓಡಿಸುತ್ತಾನೆ, ಇವಳು ಮನೆಯ ಒಳಕೋಣೆಯಲ್ಲಿ ಕುಳಿತು ರೆಕಾರ್ಡ್ ಮಾಡುತ್ತಾಳೆ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ಇವರೂ ಬದುಕಿಕೊಂಡಿದ್ದರು.

ಇವತ್ತೂ ಅದೇ ಆಟೋ, ಅದೇ ದನಿ. ಕಳೆದದ್ದು ಮಾತ್ರ ಎಮ್ಮೆಯಲ್ಲ, ಅವರದೇ ಮನೆಯ ಮುದುಕಿ.

"ಸಿಂಧನೂರು ನಗರದ ಸಮಸ್ತ ಸಾರ್ವಜನಿಕರಲ್ಲಿ ಸವಿನಯ ವಿನಂತಿ. ಹಸಿರು ಸೀರೆ ಉಟ್ಟ, ಸುಮಾರು ಎಪ್ಪತ್ತು ವರ್ಷದ ಮಾರೆಮ್ಮ ಎಂಬ ವೃದ್ಧೆ ನಿನ್ನೆಯಿಂದ ಕಾಣೆಯಾಗಿರುತ್ತಾರೆ. ಸುಳಿವು ಸಿಕ್ಕವರು ಸಂಪರ್ಕಿಸಿ..."

ಮಾರೆಮ್ಮ ದುರುಗೇಶನ ತಾಯಿ. ಮೌನೇಶ್ವರಿಗೆ ಬರೀ ಗಂಡನ ತಾಯಿಯಲ್ಲ, ಅಪ್ಪನ ಅಕ್ಕ, ಸೋದರತ್ತೆ. ಇವಳ ಹೆತ್ತವಳು ತೀರಿಹೋದ ಮೇಲೆ ಗೊರೇಬಾಳದ ಗದ್ದೆಗಳಲ್ಲಿ ಕಂಡವರ ಭತ್ತ ನಾಟಿ ಹಚ್ಚಿ, ತಮ್ಮನ ಮಗಳನ್ನು ಸಾಕಿ, ಕಡೆಗೆ ತನ್ನ ಮಗನಿಗೇ ತಂದುಕೊಂಡವಳು. ಈಗ ಎರಡು ವರ್ಷದಿಂದ ಅವಳಿಗೆ ಮರೆವು. ಉಂಡದ್ದು ನೆನಪಿರುವುದಿಲ್ಲ, ಉಣ್ಣದ್ದೂ ನೆನಪಿರುವುದಿಲ್ಲ. ಕಿವಿಯದು ಬೇರೆಯೇ ಕಥೆ. ಪಕ್ಕದಲ್ಲಿ ಕುಳಿತು ಮೆಲ್ಲಗೆ ಮಾತಾಡಿದರೆ ಅರ್ಧ ಕೇಳಿಸದು, ಚೂಪಾದ ಸದ್ದು ಬಿದ್ದರೆ ಮಾತ್ರ ಎರಡೂ ಕೈ ಕಿವಿಗೆ ಹೋಗಿಬಿಡುತ್ತವೆ.

ಯುಗಾದಿಯ ಹೊತ್ತಿಗೆ ಮೌನೇಶ್ವರಿ ಹೊಸ ಮೈಕು ತರಿಸಿದ್ದಳು. ಅದರ ಚುರುಕು ಏನು ಹೇಳುತ್ತೀರಿ! ತುಟಿ ಬಿಚ್ಚಿದ ಸಪ್ಪಳವನ್ನೂ ಹಿಡಿಯುವಂಥದ್ದು. 'ಸ' ಎಂದರೆ ಸಾಕು, ಹಾರ್ನಿನಲ್ಲಿ ಕುಕ್ಕರು ಸೀಟಿ ಹೊಡೆದಂತೆ ಬರುತ್ತಿತ್ತು. ಅದು ಕಿವಿಗೆ ಹಿತವಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಬಜಾರದ ಗದ್ದಲ ಸೀಳಿಕೊಂಡು ಹೋಗುವ ದನಿ ಅಂಗಡಿಯವರಿಗೆ ಬೇಕಾಗಿತ್ತು. "ಮೌನಕ್ಕನ ಮಾತು ಮೂರು ಓಣಿ ಆಚಿಗೂ ಕೇಳತೈತ್ರೀ" ಎಂದು ಅವರು ಹೊಗಳಿದಷ್ಟೂ ಇವಳು ದನಿಯ ಚೂಪು ಏರಿಸುವ ಟ್ರೆಬಲ್ಲಿನ ಗುಂಡಿಯನ್ನು ಇನ್ನಷ್ಟು ತಿರುವಿದಳು. ಹೊಗಳಿಕೆ ಯಾರಿಗೆ ಕಹಿ, ಹೇಳಿ?

ನಿನ್ನೆ ಮಧ್ಯಾಹ್ನ ಸೀರೆ ಅಂಗಡಿಯದೊಂದು ಮಾತು ರೆಕಾರ್ಡ್ ಮಾಡಿ, ದೊಡ್ಡದಾಗಿ ಹಾಕಿ ಕೇಳುತ್ತಿದ್ದಾಗ ಅತ್ತೆ ಬಾಗಿಲಿಗೆ ಬಂದಿದ್ದಳು.

"ಏ ಮೌನಿ, ಅದನ್ನ ಬಂದ್ ಮಾಡವ್ವಾ. ತಲಿ ಒಡದು ಹೋಗಾಕತ್ತೈತಿ."

"ಸ್ವಲ್ಪ ತಡಿ ಅತ್ತಿ, ಮುಗೀತು. ಹೊರಗ ಕಟ್ಟಿ ಮ್ಯಾಲ ಕುಂಡ್ರು ಹೋಗು."

ಅತ್ತೆ ಹೊರಗೆ ಹೋದಳು. ಕೆಲಸ ಮುಗಿಸಿ ಇವಳು ಬಂದು ನೋಡಿದಾಗ ಕಟ್ಟೆಯ ಕೆಳಗೆ ಚಪ್ಪಲಿ ಇದ್ದವು, ಅತ್ತೆ ಇರಲಿಲ್ಲ.

ಠಾಣೆಗೆ ಹೋಗಿ ಫೋಟೋ ಕೊಟ್ಟರು. ಗೊರೇಬಾಳ, ತುರ್ವಿಹಾಳ, ಬಳಗಾನೂರು ಅಂತ ಇದ್ದಬದ್ದ ನೆಂಟರಿಗೆಲ್ಲ ಫೋನು ಹಚ್ಚಿದರು. ಓಣಿಯ ಹೆಂಗಸರು ಸಮಾಧಾನ ಹೇಳಲು ಬಂದು, "ಏನರ ಅಂದಿದ್ದೇನವ್ವಾ ಮುದುಕಿಗೆ?" ಎಂದು ಬೆಂಕಿಗೆ ತುಪ್ಪ ಸುರಿದು ಹೋದರು. ಊರ ಬಾಯಿಗೆ ಬೀಗ ಹಾಕುವವರು ಯಾರು! ಮೌನೇಶ್ವರಿ ಅಳಲಿಲ್ಲ. ಅಳುವ ಹೊತ್ತೂ ಅಲ್ಲ ಅದು. ಯಾರಯಾರದೋ ಎಮ್ಮೆ, ಬೈಕು, ಬಂಗಾರದ ಓಲೆ ಹುಡುಕಿಕೊಟ್ಟ ನನ್ನ ದನಿ ನನ್ನ ಅತ್ತೆಯನ್ನು ಹುಡುಕಿಕೊಡಲಾರದೇ ಎಂದುಕೊಂಡು ಒಳಕೋಣೆಗೆ ಹೋಗಿ, ಹೊಸ ಮೈಕಿನ ಮುಂದೆ ಕುಳಿತು, ಎಂದಿಗಿಂತ ಗಟ್ಟಿಯಾಗಿ ರೆಕಾರ್ಡ್ ಮಾಡಿದಳು. ಅದನ್ನೇ ಲಿಂಗಸುಗೂರಿನ ಪ್ರಚಾರದ ಆಟೋದವನಾದ ವಿರೇಶನ ಮೊಬೈಲಿಗೂ ಕಳಿಸಿದಳು. ಅವನು ದುರುಗೇಶನ ಗೆಳೆಯ. "ಅವ್ವ ಅಂದ್ರ ನಿಮಗಷ್ಟ ಅವ್ವೇನು? ಮುಂಜಾನಿಂದನ ಹಾಕ್ತೀನಿ ಬಿಡು" ಎಂದಿದ್ದ.

ಇವತ್ತು ಬೆಳಿಗ್ಗೆ ಸಿಂಧನೂರು ಬಸ್‌ಸ್ಟ್ಯಾಂಡಿನ ಹೂವಿನವಳು ಆಟೋ ನಿಲ್ಲಿಸಿದಳು.

"ನಿಮ್ಮ ಮುದುಕಿ ಇಲ್ಲೇ ನನ್ನ ಮಗ್ಗಲ ಕುಂತಿದ್ಲವ್ವಾ. ಮಂಡಾಳ ಕೊಟ್ಟೆ, ತಿಂದ್ಲು. ಆಮ್ಯಾಲ ದಿಗ್ಗನ ಎದ್ದು ಮಸ್ಕಿ ಬಸ್ ಹತ್ತಿಬಿಟ್ಲು. ಈಗಿನ್ನ ಹೋದ್ಲು ನೋಡು."

ಹೆಂಗಸರಿಗೆ ಬಸ್ಸು ಬಿಟ್ಟಿ. ಒಳ್ಳೆಯದೇ, ಯಾರು ಬೇಡ ಅಂದರು? ಆದರೆ ಎಲ್ಲಿಗೆ ಹೊರಟಿದ್ದೇನೆಂದು ತಿಳಿಯದ ಜೀವಕ್ಕೆ ಎಲ್ಲ ಬಸ್ಸೂ ಒಂದೇ. ಎಲೆಅಡಿಕೆಯ ಸಂಚಿಯಲ್ಲಿ ಆಧಾರ್ ಕಾರ್ಡು ಇತ್ತು. ಅದನ್ನು ತೋರಿಸಿದರೆ ಎಲ್ಲಿಯವರೆಗೂ ಕೂರಬಹುದು.

ದುರುಗೇಶ ಆಟೋವನ್ನು ಮಸ್ಕಿಯ ಕಡೆ ತಿರುಗಿಸಿದ. ದಾರಿಯ ಹಳ್ಳಿಗಳಲ್ಲಿ ಅತ್ತೆ ಇಳಿದಿದ್ದರೆ ಎಂದು ಹಾರ್ನು ಆರಿಸಲಿಲ್ಲ. ಮೌನೇಶ್ವರಿ ಹಿಂದಿನ ಸೀಟಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎರಡೂ ಮಗ್ಗುಲು ನೋಡುತ್ತ ಕುಳಿತಳು. ನೆತ್ತಿಯ ಮೇಲೆ ಅವಳದೇ ದನಿ ಸವಿನಯ ವಿನಂತಿ ಎಂದು ಸೀಟಿ ಹೊಡೆಯುತ್ತಿತ್ತು.

ಮಸ್ಕಿಯ ಬಸ್‌ಸ್ಟ್ಯಾಂಡು ಇನ್ನೂ ದೂರವಿರುವಾಗಲೇ ಅವಳಿಗೆ ಹಸಿರು ಸೀರೆ ಕಂಡಿತು. ಕಂಬಕ್ಕೆ ಒರಗಿ, ಬರಿಗಾಲು ಚಾಚಿ, ಅತ್ತೆ! ಮೌನೇಶ್ವರಿಗೆ ಹೋದ ಜೀವ ಬಂತು. "ಮಾವಾ, ಅಲ್ಲದಾಳ! ಅಲ್ನೋಡು ಅತ್ತಿ!" ಎಂದು ದುರುಗೇಶನ ಹೆಗಲು ಗುದ್ದಿದಳು. ಅವನು ಆಟೋವನ್ನು ನೇರ ಗೇಟಿಗೇ ನುಗ್ಗಿಸಿದ.

ಆಗಲೇ ಅವಳು ನೋಡಿದ್ದು. ಹಾರ್ನಿನ ಸದ್ದು ತಾಗಿದ್ದೇ ತಡ, ಅತ್ತೆಯ ಎರಡೂ ಕೈ ಕಿವಿಗೆ ಹೋದವು. ತಲೆ ತಗ್ಗಿತು. ಸೆರಗನ್ನು ತಲೆಯ ಸುತ್ತ ಬಿಗಿದುಕೊಂಡು, ಬೀಳುತ್ತ ಏಳುತ್ತ, ಹೊರಡಲು ನಿಂತ ಲಿಂಗಸುಗೂರಿನ ಬಸ್ಸಿಗೆ ಹತ್ತಿಬಿಟ್ಟಳು.

"ಆರಸೋ ಅದನ್ನ! ಬಂದ್ ಮಾಡೋ ಮಾವಾ!"

ಓಡುವ ಆಟೋದಿಂದ ಹಾರಿ, ಮೊಣಕಾಲು ಊರಿ ಬಿದ್ದು, ಎದ್ದು ಓಡಿದಳು. "ಅತ್ತೀ!" ಎಂದು ಚೀರಿದಳು. ಅವಳ ಬಾಯಿಯ ಕೂಗನ್ನು ಹಾರ್ನಿನೊಳಗಿನ ಅವಳ ಕೂಗೇ ನುಂಗಿ ಹಾಕಿತು. ಬಸ್ಸು ಧೂಳೆಬ್ಬಿಸಿ ಹೋಯಿತು.

ದುರುಗೇಶ ಬಂದು ಎಬ್ಬಿಸಿದಾಗ ಅವಳು ನೆಲದ ಮೇಲೆ ಕುಳಿತಿದ್ದಳು. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು.

"ನಾವು ಹುಡುಕಾಕತ್ತಿಲ್ಲ ಮಾವ, ಓಡಸಾಕತ್ತೀವಿ" ಎಂದಳು. "ಹೂವಿನಾಕಿ ಏನಂದ್ಲು? ದಿಗ್ಗನ ಎದ್ಲು ಅಂದ್ಲಿಲ್ಲ? ನಮ್ಮ ಆಟೋ ಬಂತು, ಅದಕ್ಕ ಎದ್ಲು. ನನ್ನ ದನಿ ಕೇಳಿ ಓಡ್ಯಾಳ."

"ಲಿಂಗಸುಗೂರಾಗ ವಿರೇಶ ಅದಾನ. ಫೋನ್ ಮಾಡ್ತೀನಿ, ಇಳಿಸಿಕೋತಾನ."

ಮಾಡಿದ. ರಿಂಗಾಯಿತು, ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಎತ್ತುವುದು ಹೇಗೆ? ನೆತ್ತಿಯ ಮೇಲೆ ಮೌನೇಶ್ವರಿಯ ದನಿ ಕಿರುಚುತ್ತಿರುವಾಗ ಜೇಬಿನ ಮೊಬೈಲು ಯಾರಿಗೆ ಕೇಳಬೇಕು! ಪುಣ್ಯಾತ್ಮ ಬೆಳಿಗ್ಗೆಯಿಂದ ಒಂದು ಗಳಿಗೆಯೂ ಆರಿಸದೆ, ಒಂದು ಚಹಾ ಕುಡಿಯದೆ, ಊರು ಸುತ್ತುತ್ತಿದ್ದ. ಒಳ್ಳೆಯತನವೂ ಒಮ್ಮೊಮ್ಮೆ ಹೀಗೆ ಕೊರಳಿಗೆ ಉರುಳಾಗುತ್ತದೆ.

ಹಾರ್ನು ಆರಿಸಿಕೊಂಡು ಲಿಂಗಸುಗೂರಿನವರೆಗೆ ಓಡಿಸಿದರು. ಆ ಬಸ್ಸು ಸಿಗಲಿಲ್ಲ.

ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಗೇಟಿನಲ್ಲೇ ವಿರೇಶನ ಆಟೋ ನಿಂತಿತ್ತು. "ಸುಳಿವು ಸಿಕ್ಕವರು ಸಂಪರ್ಕಿಸಿ" ಎಂದು ಅದು ಬಾಯಿ ಬಡಿದುಕೊಳ್ಳುತ್ತಿತ್ತು. ದುರುಗೇಶ ಇಳಿದವನೇ ವೈರನ್ನು ಕಿತ್ತು ಎಸೆದ.

"ಯಾಕಲೇ! ಒಂದ ಓಣಿ ಬಿಟ್ಟಿಲ್ಲ ನಾನು" ಎಂದ ವಿರೇಶ ಕಕ್ಕಾಬಿಕ್ಕಿಯಾಗಿ.

ಬಸ್ಸಿನ ಕಂಡಕ್ಟರು ಇನ್ನೂ ಅಲ್ಲೇ ಇದ್ದ. ಮುದುಕಿ ಇಳಿದದ್ದು ಹೌದು. ಈ ಆಟೋ ಒದರುವುದು ಕೇಳಿ ಕಿವಿ ಮುಚ್ಚಿಕೊಂಡು ಕಾಯಿಪಲ್ಲೆ ಮಾರ್ಕೆಟ್ಟಿನ ಕಡೆ ಓಡಿದ್ದೂ ಹೌದು. "ನಾನು ಕರದ್ನ್ರೀ, ಹಿಂದ ತಿರುಗಿ ನೋಡಲಿಲ್ಲ" ಎಂದ.

ಮಾರ್ಕೆಟ್ಟು ಸುತ್ತಿದರು, ಗುಡಿಗಳ ಕಟ್ಟೆ ನೋಡಿದರು, ಆಸ್ಪತ್ರೆಯ ವರಾಂಡ ನೋಡಿದರು. ಫೋಟೋ ಹಿಡಿದು ಕಂಡಕಂಡವರನ್ನು ಕೇಳಿದರು. ಮುಚ್ಚಿದ ಅಂಗಡಿಗಳ ಸಂದಿ, ಗಾಡಿಗಳ ಹಿಂಬದಿ, ಗೋಣಿಚೀಲದ ರಾಶಿ, ಎಲ್ಲೂ ಇಲ್ಲ. ಹೆದರಿ ಅವಿತವಳು ಹುಡುಕುವವರ ಕಣ್ಣಿಗೆ ಬೀಳುತ್ತಾಳೆಯೇ? ಹೊತ್ತು ಇಳಿಯುತ್ತ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಕಲಬುರಗಿ, ವಿಜಯಪುರ, ಹುಬ್ಬಳ್ಳಿ ಅಂತ ಕೂಗಿ ಕೂಗಿ ಬಸ್ಸು ತುಂಬುತ್ತಿದ್ದರು. ಅವುಗಳಲ್ಲಿ ಒಂದನ್ನು ಹತ್ತಿದಳೆಂದರೆ ಮುಗಿಯಿತು, ಅತ್ತೆ ಇನ್ನು ಈ ಜನ್ಮಕ್ಕೆ ಇಲ್ಲ. ವಿರೇಶನನ್ನು ಬಸ್ಸುಗಳ ಬಾಗಿಲು ಕಾಯಲು ನಿಲ್ಲಿಸಿದರು.

ಕೂಗಿದರೆ ಓಡುತ್ತಾಳೆ, ಕೂಗದಿದ್ದರೆ ಸಿಗುವುದಿಲ್ಲ. ದೇವರೇ, ಇದೆಂಥ ಸಂಕಟ ತಂದಿಟ್ಟೆ! ಆಗ ಮಾರ್ಕೆಟ್ಟಿನ ಮೂಲೆಯಲ್ಲಿ ಮೈಕ್‌ಸೆಟ್ ಬಾಡಿಗೆಯ ಅಂಗಡಿಯೊಂದು ಕಂಡಿತು. ಮೌನೇಶ್ವರಿ ನಿಂತಳು.

"ಮಾವ, ಆ ಮೈಕು ಸುಡುಗಾಡು ಸೇರಲಿ. ಬ್ಯಾರೆ ಮೈಕು ಬೇಕು ನನಗ. ಮೆತ್ತಂದು."

ದುರುಗೇಶನಿಗೆ ತಡೆಯಲಾಗಲಿಲ್ಲ. "ನಮ್ಮವ್ವ ಎಲ್ಲದಾಳೋ ಏನೋ, ನೀ ಇಲ್ಲಿ ಮೈಕು ಆರಿಸಿಕೋಂತ ನಿಂತಿ? ತಲಿ ನೆಟ್ಟಗೈತೋ ಇಲ್ಲೋ? ಸಾಕು ನಿನ್ನ ಮೈಕು, ಅದರಿಂದನ ಇಷ್ಟೆಲ್ಲ ಆಗಿದ್ದು!"

ಆ ಮಾತು ನಾಟಿತು. ಸುಳ್ಳಾಗಿದ್ದರೆ ನಾಟುತ್ತಿರಲಿಲ್ಲ. ಅವಳು ಅಂಗಡಿಯ ಮೆಟ್ಟಿಲು ಹತ್ತಿದಳು. ಅಂಗಡಿಯವನು ಬಾಬುಸಾಬ್, ಸಿಡುಕು ಮುಖದ ದಪ್ಪ ಮನುಷ್ಯ. ಬಾಗಿಲ ಪಕ್ಕದ ಚಾಪೆಯ ಮೇಲೆ ಅವನ ತಾಯಿ ಖಾಸಿಂಬೀ ಗೋಡೆಗೆ ಒರಗಿ ಅರೆನಿದ್ದೆಯಲ್ಲಿದ್ದಳು. ಬಾಬುಸಾಬ್ ಅವಳಿಗೆ ಏನೋ ಹೇಳಬೇಕಾದರೆ ಬಾಗಿ ಕಿವಿಯ ಹತ್ತಿರ ಹೋಗಿ ಹೇಳುತ್ತಿದ್ದ.

ಮೌನೇಶ್ವರಿ ಇದ್ದದ್ದನ್ನೆಲ್ಲ ಹೇಳಿದಳು. ಬಾಬುಸಾಬ್ ತಲೆ ಕೆರೆದುಕೊಂಡ.

"ಮೈಕಿಂದೇನೂ ತಪ್ಪಿಲ್ಲಮ್ಮ. ಹಾರ್ನ್ ಅಂದ್ರ ಒದರಾಕ ಇರೋದು. ಮೆಲ್ಲಗ ಮಾತಾಡೋ ಹಾರ್ನ್ ಎಲ್ಲೈತಿ? ಇರಲಿ, ತಗೋ, ಇದು ಬಾಳ ಚಲೋದು" ಎಂದು ಸಣ್ಣ ಹೊಳೆಯುವ ಮೈಕೊಂದನ್ನು ಆಂಪ್ಲಿಫೈಯರಿಗೆ ಚುಚ್ಚಿದ.

ಮೌನೇಶ್ವರಿ ಅಭ್ಯಾಸಬಲದಿಂದ "ಸಮಸ್ತ ಸಾರ್ವಜನಿಕರಲ್ಲಿ" ಎಂದಳು. ಹೊರಗಿನ ಹಾರ್ನು ಸೀಟಿ ಹೊಡೆಯಿತು. ಚಾಪೆಯ ಮೇಲೆ ಖಾಸಿಂಬೀ ಬೆಚ್ಚಿ, ಕಣ್ಣು ಮುಚ್ಚಿಕೊಂಡೇ ಕೈಯನ್ನು ಕಿವಿಗೆ ಒಯ್ದಳು.

ಮೌನೇಶ್ವರಿ ಆ ಕೈಯನ್ನೇ ನೋಡಿದಳು. ಅತ್ತೆಯ ಕೈಯೂ ಹೀಗೇ ಹೋಗುತ್ತಿತ್ತು. ಎಷ್ಟು ಸಲ ಹೋಗಿತ್ತೋ ಏನೋ, ತಾನು ಮೈಕಿನ ಕಡೆ ಮುಖ ಮಾಡಿ ಕುಳಿತಿದ್ದಳು.

"ಬ್ಯಾರೇದು ಕೊಡ್ರೀ."

ಮದುವೆಗಳಿಗೆ ಒಯ್ಯುವ ವೈರಿಲ್ಲದ ಮೈಕು ಬಂತು. ಸೀಟಿ ಸ್ವಲ್ಪ ತಗ್ಗಿತು, ಆದರೆ ಪ್ರತಿ 'ಸ'ಗೂ 'ಶ'ಗೂ ಅಂಚಿನಲ್ಲಿ ಮರಳು ಉಜ್ಜಿದ ಸದ್ದು. ಖಾಸಿಂಬೀಯ ಕೈ ಕಿವಿಯನ್ನು ಬಿಡಲಿಲ್ಲ. ಇನ್ನೊಂದು ಬಂತು. ಅದಕ್ಕೂ ಮುದುಕಿ ಮುಖ ಕಿವಿಚಿದಳು. ಹೊರಗೆ ದುರುಗೇಶ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಕಲಬುರಗಿಯ ಬಸ್ಸು ಹಾರ್ನು ಬಾರಿಸುತ್ತ ಅಂಗಡಿಯ ಮುಂದೆಯೇ ಹೋಯಿತು, ಇಬ್ಬರೂ ಅದರ ಕಿಟಕಿಗಳನ್ನು ಒಂದೊಂದಾಗಿ ನೋಡಿದರು. ಹಸಿರು ಸೀರೆ ಕಾಣಲಿಲ್ಲ. ಆಚೆ ಮಗ್ಗುಲಿನ ಕಿಟಕಿಯಲ್ಲಿದ್ದರೆ?

"ಮತ್ತ ಯಾವುದೈತ್ರೀ? ಲಗೂನ ತಗೀರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಇನ್ನ ಇರೋದು ಇದೊಂದಮ್ಮ. ಹಳೇದು, ಮಬ್ಬು. ದನಿ ಏಳಂಗಿಲ್ಲ ಅಂತ ಯಾರೂ ಒಯ್ಯಂಗಿಲ್ಲ" ಎಂದು ಬಾಬುಸಾಬ್ ಪೆಟ್ಟಿಗೆಯ ತಳದಿಂದ ಒಂದು ಭಾರದ ಮೈಕು ತೆಗೆದ. ಜಾಲರಿ ನೆಗ್ಗಿತ್ತು, ಬಣ್ಣ ಹೋಗಿತ್ತು.

ಮೌನೇಶ್ವರಿ ತಾನೇ ಟ್ರೆಬಲ್ಲಿನ ಗುಂಡಿಯನ್ನು ಕಡೆಯವರೆಗೆ ಇಳಿಸಿದಳು. ಮೈಕನ್ನು ಬಾಯಿಗೆ ನೇರ ಹಿಡಿಯದೆ, ಉಸಿರು ಅದರ ಮೇಲೆ ಬೀಳದಂತೆ ಗಲ್ಲದ ಮಗ್ಗುಲಿಗೆ ಓರೆಯಾಗಿ ಹಿಡಿದಳು. ಸೆರಗಿನ ಚುಂಗನ್ನು ಜಾಲರಿಗೆ ಸುತ್ತಿದಳು. ಅದೇ ಮಾತನ್ನು ಮತ್ತೆ ಆಡಿದಳು. ದನಿ ಮಂಕಾಗಿ ಬಂತು, ಕಂಬಳಿ ಹೊದ್ದವರ ಮಾತಿನ ಹಾಗೆ. ಯಾವ ಅಂಗಡಿಯವನೂ ಇದಕ್ಕೆ ದುಡ್ಡು ಕೊಡುತ್ತಿರಲಿಲ್ಲ. ಖಾಸಿಂಬೀಯ ಕೈ ಮೆಲ್ಲಗೆ ಕಿವಿಯಿಂದ ಇಳಿದು ಮಡಿಲಿಗೆ ಬಂತು. ಅವಳು ಕಣ್ಣು ತೆರೆದಳು.

"ಯಾರಿಗಿ ಕರೀತಿ ಬೇಟಿ?"

"ನಮ್ಮತ್ತಿನ್ನ, ಅಮ್ಮಾ."

"ಅತ್ತಿನ್ನ ಕರಿಯೋದು ಹಿಂಗೇನು? ಸಮಸ್ತರು ಯಾಕ ಬೇಕು ಅಕಿಗೆ?" ಎಂದ ಮುದುಕಿ ಮಗನಿಗೆ ಕೈಸನ್ನೆ ಮಾಡಿ, ಗೂಡಿನಲ್ಲಿದ್ದ ತನ್ನ ಪಾಲಿನ ಎರಡು ರೊಟ್ಟಿ ತರಿಸಿ, ಅರಿವೆಯಲ್ಲಿ ಕಟ್ಟಿ ಕೊಟ್ಟಳು. "ಹಸದಿರತಾಳ. ಬರೇ ಕೈಲೆ ಕರೀಬ್ಯಾಡ."

ರೊಟ್ಟಿಯ ಗಂಟು ಕೈಗೆ ಬಂದಾಗ ಮೌನೇಶ್ವರಿಗೆ ಬಿಸಿಲು ನೆನಪಾಯಿತು. ಗೊರೇಬಾಳದ ಗದ್ದೆ. ನಾಟಿ ಹಚ್ಚುವ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಸಾಲು ಹಿಡಿದರೆ ತಲೆ ಎತ್ತುತ್ತಿರಲಿಲ್ಲ. ಮಧ್ಯಾಹ್ನ ಬುತ್ತಿ ತಂದವರು ಬದುವಿನ ಮೇಲೆ ನಿಂತು ರಾಗವಾಗಿ ಕೂಗಬೇಕು. ಯಾರ ಮನೆಯ ಬುತ್ತಿ ಬಂತೆಂದು ಆ ಕೂಗಿನಿಂದಲೇ ತಿಳಿದು, ಆಯಾ ಹೆಂಗಸು ಮಾತ್ರ ಸೊಂಟ ನೆಟ್ಟಗೆ ಮಾಡುತ್ತಿದ್ದಳು. ಲಂಗ ತೊಟ್ಟ ಪುಟ್ಟ ಮೌನಿ ಕೂಗಿದರೆ ಮಾರೆಮ್ಮ ಏಳುತ್ತಿದ್ದಳು. ಚೀರಿದರೆ ಬೈಯುತ್ತಿದ್ದಳು ಬೇರೆ. "ಚೀರಬ್ಯಾಡಲೇ, ಹಾಡಿದಂಗ ಕರಿ. ಗಾಳಿ ತರತೈತಿ" ಎನ್ನುತ್ತಿದ್ದಳು.

ಬಾಬುಸಾಬ್ ಆ ಹಳೆಯ ಮೈಕನ್ನು ಆಟೋದ ಹಾರ್ನಿಗೆ ಜೋಡಿಸಿಕೊಟ್ಟ. ಆಟೋ ಮೆಲ್ಲಗೆ ಮಾರ್ಕೆಟ್ಟಿನ ಹಿಂದಿನ ಓಣಿಗೆ ಇಳಿಯಿತು. ಇದೂ ಓಡಿಸಿದರೆ? ಇನ್ನು ಕರೆಯಲು ತನ್ನ ಹತ್ತಿರ ಬೇರೆ ಏನೂ ಉಳಿಯುವುದಿಲ್ಲ. ಅವಳು ಕಣ್ಣು ಮುಚ್ಚಿ ಮೈಕನ್ನು ಗಲ್ಲಕ್ಕೆ ಓರೆಯಾಗಿ ಆನಿಸಿದಳು.

"ಅತ್ತೀ... ಬುತ್ತಿ ಬಂತೂ... ಮೌನಿ ಬುತ್ತಿ ತಂದಾಳೂ..."

ಓಣಿಯ ಜನ ಬಾಗಿಲಿಗೆ ಬಂದು ನೋಡಿದರು. ಕೆಲವರು ನಕ್ಕರು. ನಗಲಿ! ಅವಳು ಮತ್ತೆ ಕೂಗಿದಳು. ಒಂದು ಓಣಿ ಮುಗಿಯಿತು, ಇನ್ನೊಂದು ಹಿಡಿದರು. ಯಾರೂ ಬರಲಿಲ್ಲ. ಮೂರನೆಯದರ ಕೊನೆಗೆ ಬಂದಾಗ ದನಿ ಒಡೆಯತೊಡಗಿತ್ತು. ದುರುಗೇಶ ಏನೋ ಹೇಳಲು ಹಿಂದೆ ತಿರುಗಿದವನೇ ಆಟೋ ನಿಲ್ಲಿಸಿದ.

ಮಗುಚಿ ಇಟ್ಟ ಕಬ್ಬಿನಹಾಲಿನ ಗಾಡಿಯ ಕೆಳಗಿನಿಂದ ಹಸಿರು ಸೀರೆ ಈಚೆ ಬರುತ್ತಿತ್ತು. ಮಾರೆಮ್ಮ ಒಂದು ಕೈ ಸೊಂಟಕ್ಕೆ ಕೊಟ್ಟು ಮೆಲ್ಲಗೆ ನೆಟ್ಟಗಾದಳು. ಅಂಗಾಲು ಒಡೆದು ರಕ್ತ ಕರೆಗಟ್ಟಿತ್ತು. ಕೆಸರಿಲ್ಲದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಆಟೋದ ಹತ್ತಿರ ಬಂದು, ರಸ್ತೆಯ ಅಂಚಿಗೆ ಊಟಕ್ಕೆ ಕೂತಂತೆ ಕಾಲು ಮಡಚಿ ಕೂತಳು.

ಮೌನೇಶ್ವರಿ ಓಡಲಿಲ್ಲ. ಓಡಿದರೆ ಹೆದರುತ್ತಾಳೆಂಬ ಹೆದರಿಕೆ. ಮೈಕು ಕೆಳಗಿಟ್ಟು, ಇಳಿದು, ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಗಂಟು ಬಿಚ್ಚಿದಳು. ಅತ್ತೆ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ದುರುಗೇಶ ಅವ್ವನ ಕಾಲ ಹತ್ತಿರ ಕುಸಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದರೂ ಅವಳ ಲಕ್ಷ್ಯ ಅತ್ತ ಹೋಗಲಿಲ್ಲ. ಓಣಿಯ ಎರಡೂ ತುದಿ ನೋಡಿ, ಸೊಸೆಯ ಕಡೆ ಬಾಗಿ, ಗುಟ್ಟಿನ ದನಿಯಲ್ಲಿ ಹೇಳಿದಳು.

"ಮೌನಿ, ಚಲೋ ಆತು ನೀ ಬಂದಿದ್ದು. ಒಬ್ಬಾಕಿ ನಿನ್ನಿಯಿಂದ ನನ್ನ ಬೆನ್ನ ಹತ್ಯಾಳವ್ವಾ. ಎಲ್ಲಿ ಹೋದ್ರೂ ಬಿಡವಲ್ಲಳು, ಚೀರಿಕೋಂತ ಬರ್ತಾಳ. ನನ್ನ ಹೆಸರೂ ಗೊತ್ತೈತಿ ಅಕಿಗೆ. ಅಕಿ ಕೈಗೆ ನನ್ನ ಕೊಡಬ್ಯಾಡವ್ವಾ."

ಅತ್ತೆ ಸೊಸೆಯ ಮುಖವನ್ನೇ ನೋಡುತ್ತ, ರೊಟ್ಟಿ ಹಿಡಿದ ಕೈಯನ್ನು ಅರ್ಧಕ್ಕೆ ನಿಲ್ಲಿಸಿ ಕಾಯುತ್ತಿದ್ದಳು.

"ಇಲ್ಲತ್ತಿ" ಎಂದಳು ಮೌನೇಶ್ವರಿ, ಆದಷ್ಟು ಮೆಲ್ಲಗೆ. "ಅಕಿ ಇನ್ನ ಬರಂಗಿಲ್ಲ. ನೀ ಉಣ್ಣು."